ಮೈಸೂರು, ಮಂಡ್ಯದಿಂದ ಭಾರೀ ವಿದ್ಯುತ್ ಯಂತ್ರ ಸಾಗಿಸಲು ಲಾರಿಯೋ, ರೈಲೋ, ಹಡಗೋ?

ಈ ತಿಂಗಳು ಮೂವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದವರೊಬ್ಬರು 18 ಟನ್ನಿನ ಆಲ್ಟರ್ನೇಟರ್ (ಕರೆಂಟು ಉತ್ಪಾದಿಸುವ ಯಂತ್ರ) ಒಂದನ್ನು ಕೀನ್ಯಾದ ಮೊಂಬಾಸಾಕ್ಕೆ ಕಳಿಸಬೇಕು. ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯ ಎಂಜಿನಿಯರ್ ಒಬ್ಬರು ಉತ್ತರ ಪ್ರದೇಶದಲ್ಲಿ ಕೊಂಡ ಹಳೇ ಟರ್ಬೊ ಜನರೇಟರನ್ನು, ಅಂದರೆ ಟರ್ಬೈನಿನಿಂದ ತಿರುಗುವ ಜನರೇಟರನ್ನು, ಊರಿಗೆ ತರಬೇಕು. ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಗುಜರಾತಿನಿಂದ 66 ಕೆವಿ ಟ್ರಾನ್ಸ್‌ಫಾರ್ಮರ್ ಬರಬೇಕು. ಎಣ್ಣೆ ತೆಗೆದ ಮೇಲೂ ಅದು 28 ಟನ್ ಇದೆ. ಮೂವರ ಕೈಯಲ್ಲೂ ಮೂರು ನಾಲ್ಕು ಕೊಟೇಶನ್. ಯಾವುದನ್ನು ಒಪ್ಪುವುದು ಅನ್ನುವುದೇ ಚಿಂತೆ.

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಹೋಯಿತಲ್ಲ, ಆ ಕೇಂದ್ರದ ಯಂತ್ರಗಳು ಬಂದದ್ದು ಸಮುದ್ರದಾಚೆಯಿಂದ. ಸಾವಿರಾರು ಮೈಲಿ ಹಡಗಿನಲ್ಲಿ ಬಂದ ಸರಕನ್ನು ಕೊನೆಯ ದಾರಿಯಲ್ಲಿ ದಾಟಿಸಿದ್ದು ಆನೆಗಳು, ಗಾಡಿಗಳು. ಇವತ್ತಿಗೂ ತಲೆನೋವು ಶುರುವಾಗೋದು ಅಲ್ಲೇ, ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಬದಲಾಯಿಸುವ ಜಾಗದಲ್ಲಿ.

ಮೊದಲು ಏನನ್ನು ನೋಡಬೇಕು

ಎಲ್ಲರೂ ಮೊದಲು ಬಾಡಿಗೆ ನೋಡುತ್ತಾರೆ. ಬಾಡಿಗೆಯನ್ನು ಕೊನೆಗಿಡಿ ಅಂತ ನಾನು ಹೇಳುತ್ತೇನೆ.

ಮೊದಲು ಬೇಕಾದದ್ದು ಅಳತೆ ಮತ್ತು ತೂಕ. ಕ್ಯಾಟಲಾಗಿನಲ್ಲಿ ಇರುವುದಲ್ಲ, ಪ್ಯಾಕ್ ಆಗಿ ಗೇಟು ದಾಟುವಾಗ ಇರುವುದು. ಟ್ರಾನ್ಸ್‌ಫಾರ್ಮರಿನ ಬುಶಿಂಗ್ (ತಂತಿ ಹೊರಬರುವ ಪಿಂಗಾಣಿ ಕೊಂಬು), ರೇಡಿಯೇಟರ್ (ಎಣ್ಣೆ ತಣಿಸುವ ರೆಕ್ಕೆ), ಕನ್ಸರ್ವೇಟರ್ (ಮೇಲಿನ ಎಣ್ಣೆ ಟ್ಯಾಂಕು) ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿದರೆ ಅಗಲ, ಎತ್ತರ ಎರಡೂ ಇಳಿಯುತ್ತವೆ. ಎಣ್ಣೆ ತೆಗೆದು ಒಣ ಗಾಳಿ ಅಥವಾ ನೈಟ್ರೋಜನ್ ತುಂಬಿದರೆ ತೂಕವೂ ಇಳಿಯುತ್ತದೆ. ಹತ್ತು ಸೆಂಟಿಮೀಟರ್ ಆಚೀಚೆ ಆದರೂ ಸರಕು ಮಾಮೂಲಿ ಲೆಕ್ಕದಿಂದ ‘ಓಡಿಸಿ’ (ODC) ಲೆಕ್ಕಕ್ಕೆ, ಅಂದರೆ ಅಳತೆ ಮೀರಿದ ಸರಕಿನ ಲೆಕ್ಕಕ್ಕೆ, ಹೋಗಿಬಿಡುತ್ತದೆ. ಆಮೇಲೆ ದರವೂ ಬೇರೆ, ಅನುಮತಿಯೂ ಬೇರೆ.

ಎರಡನೆಯದು, ದಾರಿಯಲ್ಲಿ ಯಂತ್ರವನ್ನು ಎಷ್ಟು ಸಲ ಎತ್ತಿಳಿಸಬೇಕು ಅನ್ನುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಕೆಲವು ವರ್ಷಗಳ ಹಿಂದೆ ನಾವು ಕಳಿಸಿದ ಒಂದು ಟ್ರಾನ್ಸ್‌ಫಾರ್ಮರಿನ ಮೇಲೆ ಇಂಪ್ಯಾಕ್ಟ್ ರೆಕಾರ್ಡರ್ ಕೂರಿಸಿದ್ದೆವು. ಬಿದ್ದ ಏಟನ್ನೆಲ್ಲ ಮೂರು ದಿಕ್ಕಿನಲ್ಲೂ ಅಳೆದು ಹೊತ್ತು ಸಮೇತ ಬರೆದಿಡುವ ಪೆಟ್ಟಿಗೆ ಅದು. ನಾಲ್ಕು ದಿನ ಹಾಳು ರಸ್ತೆಯಲ್ಲಿ ಕುಲುಕಿದರೂ ಗ್ರಾಫು ಹೆಚ್ಚುಕಡಿಮೆ ಸಮವಾಗಿತ್ತು. ಒಂದೇ ಒಂದು ಗೆರೆ ಮಾತ್ರ ನೆಟ್ಟಗೆ ಮೇಲಕ್ಕೆ ಹೋಗಿತ್ತು. ರಾತ್ರಿ ಹನ್ನೊಂದು ಗಂಟೆಗೆ, ಒಂದು ಯಾರ್ಡಿನಲ್ಲಿ, ಟ್ರೇಲರ್ ಬದಲಾಯಿಸುವಾಗ. ಆತುರದಲ್ಲಿ ಕ್ರೇನಿನವರು ಧೊಪ್ಪನೆ ಇಳಿಸಿದ್ದರು. ಒಳಗಿನ ವೈಂಡಿಂಗ್ (ತಂತಿಯ ಸುರುಳಿ) ಸರಿದಿದೆಯಾ ಅಂತ ಪರೀಕ್ಷೆ ಮಾಡಿಸಿ, ಇಲ್ಲ ಅಂತ ಗೊತ್ತಾಗುವವರೆಗೆ ನನಗೆ ನಿದ್ದೆ ಬರಲಿಲ್ಲ.

ಮೂರನೆಯದು, ಏಟು ಯಾವ ಕಡೆಯಿಂದ ಬರುತ್ತದೆ ಅನ್ನುವುದು. ಕಂಟೈನರ್, ಲಾರಿ, ವ್ಯಾಗನ್ನಿಗೆ ಸರಕು ತುಂಬುವ ಬಗ್ಗೆ ಅಂತರರಾಷ್ಟ್ರೀಯ ಸಿಟಿಯು ಕೋಡ್ ಇದೆ. ಅದರ ಪ್ರಕಾರ ಲಾರಿ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ತನ್ನ ತೂಕದ 0.8 ಪಾಲು ಬಲದಿಂದ ನುಗ್ಗುತ್ತದೆ. ಪಕ್ಕಕ್ಕೆ, ಹಿಂದಕ್ಕೆ 0.5 ಪಾಲು. ರೈಲಿನಲ್ಲಿ ಎಲ್ಲ ಕಡೆಗೂ 0.5. ಆದರೆ ವ್ಯಾಗನ್ನುಗಳನ್ನು ಬಿಡಿಬಿಡಿಯಾಗಿ ತಳ್ಳಿ ಜೋಡಿಸುವ ಶಂಟಿಂಗ್ ಮಾಡಿದರೆ ಹಿಂದೆ ಮುಂದೆ ಪೂರಾ ಒಂದು ಪಾಲು. ಒರಟು ಸಮುದ್ರದಲ್ಲಿ ಪಕ್ಕಕ್ಕೆ 0.8, ಉದ್ದಕ್ಕೆ 0.4. ಈಗ 18 ಟನ್ನಿನ ಆಲ್ಟರ್ನೇಟರಿಗೆ ಲೆಕ್ಕ ಹಾಕಿ. ಲಾರಿಯಲ್ಲಿ ಪಕ್ಕಕ್ಕೆ 9 ಟನ್ ತಳ್ಳಾಟ, ಹಡಗಿನಲ್ಲಿ 14.4 ಟನ್. ಲಾರಿಗೆ ಅಂತ ಕಟ್ಟಿದ ಚೈನನ್ನೇ ನಂಬಿ ಹಡಗು ಹತ್ತಿಸಿದರೆ ಏನಾಗಬಹುದು ಅಂತ ಗೊತ್ತಾಯಿತಲ್ವಾ? ಎರಡು ಮೂರು ವಾಹನ ಬದಲಾಗುವ ಪ್ರಯಾಣದಲ್ಲಿ ಪ್ರತಿ ದಿಕ್ಕಿಗೂ ಅತಿ ಕೆಟ್ಟ ಸಂಖ್ಯೆ ಹಿಡಿದೇ ಬಿಗಿಯಬೇಕು. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ಆದ್ದರಿಂದ ಅಡಿಗೆ ರಬ್ಬರ್ ಮ್ಯಾಟ್ ಬೇಕೇ ಬೇಕು.

ಉಳಿದದ್ದು ತೇವ, ಕೊನೆಯ ಐದು ಕಿಲೋಮೀಟರ್, ವಿಮೆ. ಒಂದೊಂದನ್ನೂ ಅದರ ಜಾಗದಲ್ಲಿ ಹೇಳುತ್ತೇನೆ.

ಲಾರಿ, ಟ್ರೇಲರ್

ಲಾರಿಯ ದೊಡ್ಡ ಗುಣ ಅಂದರೆ ಎರಡೇ ಸಲ ಎತ್ತುವುದು. ಕಾರ್ಖಾನೆಯಲ್ಲಿ ಒಮ್ಮೆ, ಸೈಟಿನಲ್ಲಿ ಒಮ್ಮೆ. ಎರಡೂ ಕಡೆ ನಿಮ್ಮವರೇ ನಿಂತು ನೋಡಬಹುದು.

2018ರಲ್ಲಿ ಆಕ್ಸಲ್ ತೂಕದ ಮಿತಿ ಹೆಚ್ಚಿಸಿದ ಮೇಲೆ ಮಾಮೂಲಿ ಟ್ರೇಲರ್ ಸರಕು ಸೇರಿ 55 ಟನ್ ತನಕ ಹೋಗಬಹುದು. ಗಾಡಿಯ ಸ್ವಂತ ತೂಕ ಕಳೆದರೆ ಮೂವತ್ತು ಚಿಲ್ಲರೆ ಟನ್ನಿನ ಯಂತ್ರಕ್ಕೆ ಸಾಕು. ಎತ್ತರದ ಯಂತ್ರಕ್ಕೆ ಲೋಬೆಡ್, ಅಂದರೆ ಹಲಗೆ ತಗ್ಗಾಗಿರುವ ಟ್ರೇಲರ್, ತಗೊಳ್ಳಿ. ಅದನ್ನೂ ಮೀರಿದರೆ ಪುಲ್ಲರ್ (ಭಾರ ಎಳೆಯುವ ಎಂಜಿನ್ ಗಾಡಿ) ಎಳೆಯುವ ಹೈಡ್ರಾಲಿಕ್ ಆಕ್ಸಲ್ ಟ್ರೇಲರ್ ಬೇಕು. ಅಲ್ಲಿಂದಾಚೆಗೆ ಅನುಮತಿ, ಸೇತುವೆಗಳ ತಪಾಸಣೆ, ದಾರಿಯ ಸರ್ವೆ ಎಲ್ಲ ಶುರು.

ನಮ್ಮ ಕಡೆಯವರು ಮರೆಯುವ ಒಂದು ವಿಷಯ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 119 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಬಹು ಆಕ್ಸಲ್‌ಗಳ ಹೈಡ್ರಾಲಿಕ್ ಟ್ರೇಲರ್‌ಗಳೂ ಅದೇ ಪಟ್ಟಿಯಲ್ಲಿವೆ. ಅಂದರೆ ನಿಮ್ಮ ದೊಡ್ಡ ಟ್ರಾನ್ಸ್‌ಫಾರ್ಮರ್ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಬ್ಬು ಅರೆಯುವ ಕಾಲದಲ್ಲಿ ಮದ್ದೂರು, ಮಂಡ್ಯದ ಆಸುಪಾಸು ಆ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರುಗಳು. ಕೊಟೇಶನ್ ಕೊಟ್ಟವರು ಎರಡು ಗಂಟೆಯ ದಾರಿ ಅಂತ ಲೆಕ್ಕ ಹಾಕಿದ್ದರೆ, ಅವರು ಈ ನಿಯಮ ಓದಿಲ್ಲ ಅಂತಲೇ ಅರ್ಥ.

ಕೇರಳ, ನೀಲಗಿರಿ ಕಡೆ ಹೋಗುವುದಾದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಗೇಟು ಹಾಕುತ್ತಾರೆ. 2009ರಿಂದ ಹೀಗೇ ಇದೆ. ವಯನಾಡಿನ ಆಚೆ ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಉದ್ದ ಟ್ರೇಲರಿಗೆ ಅದು ದಾರಿಯೇ ಅಲ್ಲ.

ಊರೊಳಗೆ ಬಂದ ಮೇಲೆ ಕರೆಂಟಿನ ತಂತಿ, ಸ್ವಾಗತ ಕಮಾನು, ಮರದ ಕೊಂಬೆ. ತಂತಿ ಎತ್ತಲು ನಮ್ಮ ಕಡೆಯ ವಿದ್ಯುತ್ ಸರಬರಾಜು ನಿಗಮ ಸೆಸ್ಕ್‌ನವರ ಹತ್ತಿರ ಮೊದಲೇ ಮಾತಾಡಿ ಎಲ್‌ಸಿ, ಅಂದರೆ ಲೈನಿನ ಕರೆಂಟು ತೆಗೆದುಕೊಡುವ, ದಿನ ಗೊತ್ತು ಮಾಡಿಕೊಳ್ಳಿ. ದಯವಿಟ್ಟು ಯಾರೂ ಲಾರಿ ಮೇಲೆ ಹತ್ತಿ ಬಿದಿರು ಗಳದಿಂದ ತಂತಿ ಎತ್ತಬೇಡಿ. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿದಾಗೆಲ್ಲ ಗಾಡಿ ನಿಲ್ಲಿಸಿ ಕೆಳಗೆ ಇಳಿಸಿದ್ದೇನೆ. ಜೀವಕ್ಕಿಂತ ಡೆಲಿವರಿ ದಿನ ದೊಡ್ಡದಲ್ಲ.

ರೈಲು

ರೈಲಿನಲ್ಲಿ ಎರಡು ಬಗೆ. ಅವೆರಡನ್ನೂ ಒಂದೇ ಅಂದುಕೊಂಡು ಬೆಲೆ ಹೋಲಿಸುವುದೇ ದೊಡ್ಡ ತಪ್ಪು.

ಒಂದು, ಕಂಟೈನರ್. ಮೈಸೂರಿನವರಿಗೆ ಕಡಕೊಳದ ಟರ್ಮಿನಲ್ ಹತ್ತಿರ. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋ ಹಳೆಯದು. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಯಂತ್ರವನ್ನು ನಿಮ್ಮ ಅಂಗಳದಲ್ಲೇ ಒಮ್ಮೆ ಒಳಗಿಟ್ಟು ಬಿಗಿದರೆ ಮುಗಿಯಿತು. ಆಮೇಲೆ ಎತ್ತಿಳಿಸುವುದೆಲ್ಲ ಪೆಟ್ಟಿಗೆಯನ್ನು, ಅದಕ್ಕೆಂದೇ ಇರುವ ಸಲಕರಣೆಯಿಂದ. ಸರಕಿಗೆ ಸ್ಲಿಂಗ್ (ಎತ್ತಲು ಕಟ್ಟುವ ಹಗ್ಗ, ಪಟ್ಟಿ) ತಾಗುವುದೇ ಇಲ್ಲ. ಆದರೆ ಮಾಮೂಲಿ ಕಂಟೈನರಿನ ಬಾಗಿಲು 2.34 ಮೀಟರ್ ಅಗಲ, 2.28 ಮೀಟರ್ ಎತ್ತರ ಅಷ್ಟೇ. ಹೈ ಕ್ಯೂಬ್ ಆದರೆ ಎತ್ತರ 2.58. ಎಚ್‌ಟಿ (ಹೆಚ್ಚು ವೋಲ್ಟಿನ) ಪ್ಯಾನೆಲ್, ಮೋಟಾರ್, ಚಿಕ್ಕ ಆಲ್ಟರ್ನೇಟರ್, ಡಿಸ್ಟ್ರಿಬ್ಯೂಷನ್ ಟ್ರಾನ್ಸ್‌ಫಾರ್ಮರ್ ಇದರೊಳಗೆ ಕೂರುತ್ತವೆ. ಭಾರದ ಯಂತ್ರ ನಾಲ್ಕು ಕಾಲಿನ ಮೇಲೆ ನಿಂತರೆ ಕಂಟೈನರಿನ ನೆಲ ತಡೆಯೋದಿಲ್ಲ. ಉದ್ದಕ್ಕೆ ಎರಡು ಕಬ್ಬಿಣದ ತೊಲೆ ಹಾಸಿ ಭಾರ ಹರಡಬೇಕು. ಬಾಗಿಲಿನಿಂದ ಒಳಗೆ ತಳ್ಳುವ ಕಷ್ಟ ಬೇಡ ಅನ್ನುವವರು ಓಪನ್ ಟಾಪ್ ಕೇಳಿ, ಕ್ರೇನಿನಿಂದ ಮೇಲಿಂದಲೇ ಇಳಿಸಬಹುದು.

ಇನ್ನೊಂದು, ತೆರೆದ ವ್ಯಾಗನ್ನಿನಲ್ಲಿ ಹೋಗುವ ‘ಓಡಿಸಿ’ ಸರಕು. ಚಪ್ಪಟೆ ವ್ಯಾಗನ್, ಅದಕ್ಕೂ ಎತ್ತರವಾದರೆ ನಡು ತಗ್ಗಿದ ವೆಲ್ ವ್ಯಾಗನ್. ಸರಕಿಗೂ ಹಳಿ ಪಕ್ಕದ ಕಟ್ಟಡ, ಸೇತುವೆ, ಸುರಂಗಗಳಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದರ ಮೇಲೆ ಎ, ಬಿ, ಸಿ ಅಂತ ದರ್ಜೆ. ಬಿ ದರ್ಜೆಗೆ ಗಂಟೆಗೆ 40 ಕಿಲೋಮೀಟರ್ ವೇಗ, ಸಿ ದರ್ಜೆಗೆ 25. ಸಿ ದರ್ಜೆಯದು ಹಗಲಲ್ಲಿ ಮಾತ್ರ, ಜೊತೆಗೆ ರೈಲ್ವೆ ಸಿಬ್ಬಂದಿ ಇರಬೇಕು. ಮೇಲೆ 25,000 ವೋಲ್ಟಿನ ತಂತಿ. ಅದರ ಕೆಳಗೆ ಕ್ರೇನ್ ಎತ್ತುವಂತಿಲ್ಲ. ಲೈನ್ ಆಫ್ ಮಾಡಿಸಬೇಕು ಇಲ್ಲವೇ ತಂತಿ ಇಲ್ಲದ ಸೈಡಿಂಗ್ ಬೇಕು.

ಎಂಬತ್ತು, ನೂರು ಟನ್ನಿನ ಯಂತ್ರ ದೇಶದ ಆ ತುದಿಯಿಂದ ಈ ತುದಿಗೆ ಹೋಗಬೇಕು, ದಾರಿಯಲ್ಲಿ ಹಳೇ ರಸ್ತೆ ಸೇತುವೆಗಳು ಜಾಸ್ತಿ, ಎರಡೂ ಕಡೆ ಸ್ವಂತ ಸೈಡಿಂಗ್ (ಕಾರ್ಖಾನೆಯೊಳಗೇ ಬರುವ ಹಳಿ) ಇದೆ. ಹೀಗಿದ್ದರೆ ವ್ಯಾಗನ್ ಒಳ್ಳೆಯದು. ನಮ್ಮ ಎರಡು ಜಿಲ್ಲೆಗಳಲ್ಲಿ ಸೈಡಿಂಗ್ ಇರುವ ಕಾರ್ಖಾನೆಗಳು ಎಷ್ಟಿವೆ ಹೇಳಿ? ಗೂಡ್ಸ್ ಶೆಡ್ಡಿಗೆ ದೊಡ್ಡ ಕ್ರೇನ್ ತರಿಸಿ, ಅಲ್ಲಿಂದ ತೂಬಿನಕೆರೆ, ಕೂರ್ಗಳ್ಳಿಯಂಥ ಕೈಗಾರಿಕಾ ಪ್ರದೇಶಕ್ಕೆ ಮತ್ತೆ ಟ್ರೇಲರ್ ಹಿಡಿಯಬೇಕು. ಎರಡು ಸಲ ಎತ್ತುವ ಕಡೆ ನಾಲ್ಕು ಸಲ ಆಯಿತು. ಅರವತ್ತು ಟನ್ನಿಗಿಂತ ಕಡಿಮೆ ಇದ್ದರೆ ನಾನಂತೂ ಇದನ್ನು ಆರಿಸುವುದಿಲ್ಲ.

ಮಂಗಳೂರು ಬಂದರಿಗೆ ರೈಲಿನಲ್ಲಿ ಅಂತ ಕೆಲವರು ಕೇಳುತ್ತಾರೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಐವತ್ತಕ್ಕೆ ಒಂದರ ಇಳಿಜಾರು. ಅಳತೆ ಮೀರಿದ ಸರಕಿಗೆ ಆ ದಾರಿಯ ಆಸೆ ಬೇಡ.

ಭಾರಕ್ಕೆ ಹೆದರಬೇಕಿಲ್ಲ ಅನ್ನುವುದಕ್ಕೆ ಶ್ರೀರಂಗಪಟ್ಟಣದಲ್ಲೇ ಉದಾಹರಣೆ ಇದೆ. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರ ಮಾರ್ಚ್‌ನಲ್ಲಿ ಒಡೆಯದೆ, ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿದರು. ಸಾವಿರ ಟನ್ ಹತ್ತಿರದ ಕಟ್ಟಡ ಅದು. ಅಡಿಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಸರಿಸಿದ್ದರಿಂದ ಬಿರುಕು ಬಿಡದೆ ಉಳಿಯಿತು. ಕ್ರೇನ್ ನಿಲ್ಲಲು ಜಾಗ ಇಲ್ಲದ ಸೈಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಳಿಸುವಾಗಲೂ ಜ್ಯಾಕ್, ಸ್ಲೀಪರ್ ಹಾಕಿ ಇಂಚಿಂಚು ಸರಿಸುವುದೇ ಕ್ಷೇಮ.

ರೈಲಿನ ಬಗ್ಗೆ ಇನ್ನೊಂದೇ ಮಾತು. ಮೋಟಾರ್, ಆಲ್ಟರ್ನೇಟರ್ ಕಳಿಸುವವರು ರೋಟರ್, ಅಂದರೆ ಒಳಗೆ ತಿರುಗುವ ಭಾಗ, ಅಲುಗದಂತೆ ಲಾಕ್ ಮಾಡಲೇಬೇಕು. ನಮ್ಮ ಒಂದು ಮೋಟಾರಿಗೆ ಲಾಕ್ ಹಾಕುವುದು ಹೇಗೋ ತಪ್ಪಿಹೋಗಿತ್ತು. ಹೊರಗೆ ಒಂದು ಗೀರೂ ಇರಲಿಲ್ಲ. ಚಾಲೂ ಮಾಡಿದ ದಿನವೇ ಬೇರಿಂಗ್ ಗುರ್ ಅಂದಿತು. ಬಿಚ್ಚಿ ನೋಡಿದರೆ ರೇಸಿನ, ಅಂದರೆ ರೋಲರು ಉರುಳುವ ಬಳೆಯ, ಮೇಲೆ ರೋಲರುಗಳ ಅಂತರಕ್ಕೆ ಸರಿಯಾಗಿ ಸಾಲು ಗುರುತು. ನಿಂತ ಜಾಗದಲ್ಲೇ ದಿನಗಟ್ಟಲೆ ನಡುಗಿ ನಡುಗಿ ಆದ ಗಾಯ. ಲಾರಿಯಲ್ಲೂ, ಹಡಗಿನ ಎಂಜಿನ್ ನಡುಕದಲ್ಲೂ ಇದು ಆಗುತ್ತದೆ.

ಹಡಗು

ಹಡಗಿನಲ್ಲಿ ಕಳಿಸುವಾಗ ಯಂತ್ರ ಕಂಟೈನರಿನೊಳಗೆ ಹಿಡಿಸಿದರೆ ಅದೇ ಅಗ್ಗ, ಅದೇ ಕ್ಷೇಮ. ಹಿಡಿಸದಿದ್ದರೆ ಫ್ಲ್ಯಾಟ್ ರ‍್ಯಾಕ್. ಪಕ್ಕದ ಗೋಡೆ, ಚಾವಣಿ ಇಲ್ಲದ ಕಂಟೈನರ್ ಅದು. ನಲವತ್ತು ಅಡಿಯದು 40 ಟನ್ ಹತ್ತಿರ ಹೊರುತ್ತದೆ. ಸರಕು ಪಕ್ಕಕ್ಕೆ, ಮೇಲಕ್ಕೆ ಚಾಚಿಕೊಂಡರೆ ಅಕ್ಕಪಕ್ಕ ಖಾಲಿ ಬಿಡಬೇಕಾದ ಜಾಗಕ್ಕೂ ದುಡ್ಡು ಹಾಕುತ್ತಾರೆ. ಅದಕ್ಕೇ ಎರಡು ರೇಡಿಯೇಟರ್ ಬಿಚ್ಚುವ ಕೆಲಸ ಇಲ್ಲಿ ನಿಜವಾಗಿಯೂ ದುಡ್ಡು ಉಳಿಸುತ್ತದೆ. ಇನ್ನೂ ದೊಡ್ಡದಾದರೆ ಎರಡು ದಾರಿ. ಒಂದು, ಬ್ರೇಕ್ ಬಲ್ಕ್, ಅಂದರೆ ಹಡಗಿನ ಕ್ರೇನಿನಿಂದ ನೇರವಾಗಿ ಒಡಲಿಗೆ ಇಳಿಸುವುದು. ಇನ್ನೊಂದು ರೋರೋ, ಚಕ್ರದ ಮೇಲೆ ಕೂರಿಸಿ ಒಳಗೆ ಎಳೆದುಕೊಂಡು ಹೋಗುವುದು. ಆ ಸೇವೆ ಇರುವ ಬಂದರಿಗೆ ಹೋಗುವುದಾದರೆ ನಾನು ರೋರೋ ಕಡೆಗೇ ವಾಲುತ್ತೇನೆ. ಅಲ್ಲಿ ಸರಕು ಕೊಕ್ಕೆಗೆ ನೇತಾಡುವುದಿಲ್ಲ.

ಸಮುದ್ರದಲ್ಲಿ ಏಟಿನಷ್ಟೇ ಹೆದರಿಕೆ ತೇವದ್ದು. ಹಗಲು ಬಿಸಿ, ರಾತ್ರಿ ತಂಪು. ಕಂಟೈನರಿನ ಚಾವಣಿಯಲ್ಲಿ ಬೆವರು ಕಟ್ಟಿ ಒಳಗೇ ಹನಿ ಬೀಳುತ್ತದೆ. ಪ್ಯಾನೆಲ್, ವೈಂಡಿಂಗ್ ಇರುವ ಯಂತ್ರಗಳನ್ನು ಅಲ್ಯುಮಿನಿಯಂ ಫಾಯಿಲಿನಲ್ಲಿ ಗಾಳಿ ತೆಗೆದು ಸೀಲ್ ಮಾಡಿ, ಒಳಗೆ ಸಿಲಿಕಾ ಜೆಲ್ ಇಡಿ. ಸುಮ್ನೆ ಟಾರ್ಪಾಲ್ ಹೊದಿಸಿದರೆ ಸಾಲದು. ಅನಿಲ ತುಂಬಿದ ಟ್ರಾನ್ಸ್‌ಫಾರ್ಮರಿಗೆ ಒತ್ತಡದ ಗೇಜು ಕಾಣುವಂತಿರಲಿ. ಸಿಕ್ಕ ಕಡೆಯಲ್ಲೆಲ್ಲ ಓದಿ, ಹೊತ್ತು ಸಮೇತ ಬರೆದಿಡಿ. ಮುಚ್ಚಿದ ಒಡಲಲ್ಲೇ ಇಡಬೇಕು, ಡೆಕ್ ಮೇಲೆ ಬೇಡ ಅನ್ನುವುದನ್ನು ಬುಕಿಂಗ್ ಮಾಡುವಾಗಲೇ ಬರೆಸಿಕೊಳ್ಳಿ.

ಕಾಗದದ ಕೆಲಸ ಎರಡಿದೆ. ಕಂಟೈನರಿನ ಒಟ್ಟು ತೂಕವನ್ನು ತೂಗಿ ದೃಢೀಕರಿಸಿದ ವಿಜಿಎಂ ಕೊಡುವುದು 2016ರ ಜುಲೈ 1ರಿಂದ ಕಡ್ಡಾಯ. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಯ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆ ಇರಬೇಕು. ಯಂತ್ರದ ಅಡಿಗೆ ಕೊಟ್ಟ ಮರದ ತುಂಡಿಗೂ ಮುದ್ರೆ ಬೇಕು. ಜನ ಮರೆಯುವುದು ಅದನ್ನೇ.

ಬಂದರು ಯಾವುದು? ಪಣಂಬೂರಿನ ನವಮಂಗಳೂರು ಬಂದರು ಮೈಸೂರಿಗೆ ಸುಮಾರು 260 ಕಿಲೋಮೀಟರ್. ಚೆನ್ನೈ ಅದರ ಹೆಚ್ಚುಕಡಿಮೆ ಎರಡರಷ್ಟು. ಹಾಗಂತ ಮಂಗಳೂರು ಹತ್ತಿರ ಅಂದುಬಿಡಬೇಡಿ. ಶಿರಾಡಿಯಾಗಲಿ, ಮಡಿಕೇರಿ ದಾಟಿದ ಸಂಪಾಜೆಯಾಗಲಿ, ಘಾಟಿ ಇಳಿಯಲೇಬೇಕು. 2024ರ ಜುಲೈನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಎಡಕುಮೇರಿ ಹತ್ತಿರ ಹಳಿ ಕೆಳಗಿನ ಮಣ್ಣು ಕುಸಿದು ಆ ಮಾರ್ಗದ ರೈಲೇ ದಿನಗಟ್ಟಲೆ ನಿಂತಿತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಭಾರದ ಸರಕನ್ನು ಘಾಟಿಗೆ ಇಳಿಸುವುದಿಲ್ಲ. ಚೆನ್ನೈ ದಾರಿ ಉದ್ದವಾದರೂ ಘಾಟಿ ಕಾಟ ಕಡಿಮೆ, ಹಡಗುಗಳೂ ಜಾಸ್ತಿ. ಅಲ್ಲಿ ಹುಷಾರಾಗಿರಬೇಕಾದದ್ದು ಅಕ್ಟೋಬರ್‌ನಿಂದ ಡಿಸೆಂಬರ್, ಚಂಡಮಾರುತದ ಕಾಲ. ಬೇಸಿಗೆಯಲ್ಲಿ ಮಾಮೂಲಿ ಕಂಟೈನರ್ ಆದರೆ ಮಂಗಳೂರು ಚೆನ್ನಾಗಿಯೇ ಆಗುತ್ತದೆ.

ದುಡ್ಡು, ವಿಮೆ

ಕೊಟೇಶನ್ನಿನಲ್ಲಿ ಕಾಣುವ ಬಾಡಿಗೆ ಖರ್ಚಿನ ಒಂದು ಭಾಗ ಮಾತ್ರ. ಎರಡೂ ತುದಿಯ ಕ್ರೇನ್, ಗಾಡಿ ಕಾಯಿಸಿದರೆ ಹಾಲ್ಟಿಂಗ್ ದುಡ್ಡು, ಬಂದರಿನಲ್ಲಿ ನೆಲಬಾಡಿಗೆ, ಖಾಲಿ ಕಂಟೈನರ್ ವಾಪಸ್, ದಾರಿ ಸರ್ವೆ, ಎಲ್‌ಸಿ ಖರ್ಚು ಎಲ್ಲ ಯಾರ ತಲೆ ಮೇಲೆ ಅಂತ ಕೇಳಿ ಬರೆಸಿ. ಆಮೇಲೆ ಹೋಲಿಸಿ.

ವಿಮೆಯಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಸಮುದ್ರ ಸರಕಿನ ವಿಮೆಗೆ ಎ, ಬಿ, ಸಿ ಅಂತ ಮೂರು ಬಗೆಯ ಕರಾರು. ಅಗ್ಗದ ಸಿ ಕರಾರಿನಲ್ಲಿ ಕ್ರೇನಿನಿಂದ ಬಿದ್ದದ್ದಕ್ಕೆ ಪರಿಹಾರವೇ ಇಲ್ಲ. ಬಿ ಕರಾರಿನಲ್ಲಿ ಪೂರ್ತಿ ನಷ್ಟವಾದರೆ ಮಾತ್ರ. ಎತ್ತಿಳಿಸುವಾಗಲೇ ಅಪಾಯ ಇರುವ ಸರಕಿಗೆ ಎ ಬಿಟ್ಟು ಬೇರೆ ಯಾಕೆ? ಎ ಇದ್ದರೂ ಪ್ಯಾಕಿಂಗ್ ಸಾಲದು ಅಂತ ತೋರಿದರೆ ಕ್ಲೇಮ್ ತಳ್ಳಿಹಾಕುತ್ತಾರೆ. ಅದಕ್ಕೇ ಬಿಗಿದ ಚೈನು, ರೋಟರ್ ಲಾಕು, ಗೇಜು ಎಲ್ಲದರ ಫೋಟೊ ಇಟ್ಟುಕೊಳ್ಳಿ.

ಮೂವರಿಗೆ ನಾನು ಹೇಳಿದ್ದು

ಹೆಬ್ಬಾಳದ ಆಲ್ಟರ್ನೇಟರ್ 2.1 ಮೀಟರ್ ಅಗಲ, ಎತ್ತರವೂ ಅಷ್ಟೇ. ಇಪ್ಪತ್ತು ಅಡಿಯ ಓಪನ್ ಟಾಪ್ ತರಿಸಿ, ತೊಲೆ ಹಾಸಿ, ನಿಮ್ಮ ಅಂಗಳದಲ್ಲೇ ಇಳಿಸಿ, 14.4 ಟನ್ ಪಕ್ಕದ ತಳ್ಳಾಟಕ್ಕೆ ಬಿಗಿಯಿರಿ ಅಂದೆ. ಟಾರ್ಪಾಲ್ ಚಾವಣಿ ಆದ್ದರಿಂದ ಫಾಯಿಲ್ ಸೀಲ್ ಇಲ್ಲಿ ಇನ್ನೂ ಮುಖ್ಯ. ಹಡಗಿನ ದಿನಕ್ಕೆ ಸರಿಯಾಗಿ ಕಡಕೊಳದಿಂದ ರೈಲು ಇದ್ದರೆ ರೈಲು, ಇಲ್ಲವಾದರೆ ಅದೇ ಕಂಟೈನರ್ ಟ್ರೇಲರಿನ ಮೇಲೆ ಚೆನ್ನೈಗೆ. ಎರಡರಲ್ಲೂ ಯಂತ್ರವನ್ನು ಮತ್ತೆ ಮುಟ್ಟುವುದು ಮೊಂಬಾಸಾ ದಾಟಿ ಸೈಟು ಸೇರಿದ ಮೇಲೆಯೇ.

ಮಂಡ್ಯದವರಿಗೆ, ಬಿಚ್ಚಿ ತನ್ನಿ ಅಂದೆ. ಸ್ಟೇಟರ್ (ಜನರೇಟರಿನ ತಿರುಗದ ಹೊರಭಾಗ), ಟರ್ಬೈನ್ ಲೋಬೆಡ್‌ನಲ್ಲಿ. ರೋಟರ್ ತನ್ನದೇ ತೊಟ್ಟಿಲಿನಲ್ಲಿ, ನಡು ಒಡಲಿನ ಮೇಲೆ ಕೂತಿರಬೇಕು. ತುದಿಯಲ್ಲಿ ವೈಂಡಿಂಗನ್ನು ಹಿಡಿದಿಡುವ ರಿಟೇನಿಂಗ್ ರಿಂಗ್ ಮೇಲೆ ಭಾರ ಬೀಳಕೂಡದು. ಪ್ಯಾನೆಲ್, ಬಿಡಿ ಭಾಗಗಳಿಗೆ ಆತುರವಿಲ್ಲ, ಅವು ರೈಲಿನ ಕಂಟೈನರಿನಲ್ಲಿ ಬರಲಿ. ಅಷ್ಟು ದೂರಕ್ಕೆ ಅಲ್ಲಿ ದುಡ್ಡು ಉಳಿಯುತ್ತದೆ. ಎಲ್ಲಾ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುವ ಮುಂಚೆ ಬಂದರೆ ಒಳ್ಳೆಯದು.

ನಂಜನಗೂಡಿನವರಿಗೆ ಕರಾವಳಿ ಹಡಗಿನಲ್ಲಿ ಮಂಗಳೂರಿಗೆ ತಂದು ಘಾಟಿ ಹತ್ತಿಸುವ ಕೊಟೇಶನ್ ಸ್ವಲ್ಪ ಅಗ್ಗವಾಗಿತ್ತು. ಎಷ್ಟು ಸಲ ಎತ್ತುತ್ತಾರೆ ಅಂತ ಎಣಿಸಿದೆವು. ಅದರಲ್ಲಿ ನಾಲ್ಕು, ನೇರ ಲೋಬೆಡ್‌ನಲ್ಲಿ ಎರಡು. ಮಳೆಗಾಲ ಬೇರೆ. ಅವರು ಲೋಬೆಡ್ ಒಪ್ಪಿದರು. ಟ್ರೇಲರಿನ ಮೇಲೆ ಕೂತಾಗ ಒಟ್ಟು ಎತ್ತರ 4.5 ಮೀಟರ್ ಬರುತ್ತದೆ, ಆದ್ದರಿಂದ ಕೆಳಸೇತುವೆಗಳನ್ನೆಲ್ಲ ಟೇಪು ಹಿಡಿದು ಅಳೆಯಲು ಒಬ್ಬರನ್ನು ಮುಂದೆ ಕಳಿಸಿದ್ದಾರೆ. ಗಾಡಿ ಬಂದ ದಿನ ಡ್ರೈವರ್ ಎದುರಲ್ಲೇ ರೆಕಾರ್ಡರ್ ಓದಿ, ಅನಿಲದ ಒತ್ತಡ ನೋಡಿ, ಏನಾದರೂ ಕಂಡರೆ ಎಲ್‌ಆರ್ (ಲಾರಿಯವರ ಸರಕು ರಸೀದಿ) ಮೇಲೆ ಬರೆದೇ ಸಹಿ ಹಾಕಿ ಅಂತ ಹೇಳಿದ್ದೇನೆ. ಕ್ರೇನಿನ ಕೊಕ್ಕೆ ಅದಾದ ಮೇಲೆ.